ನಮ್ಮ ರಾಗಿ ಗಂಜಿ, ಅವರ ಊಜಿ: ಹಳ್ಳಿ ಹೈಸ್ಕೂಲಿಗೆ ಹೊರದೇಶದ ಜೊತೆಗಾರ ತರಗತಿ ಹುಡುಕೋದು ಹೇಗೆ

ಈಗ ಹೋಬಳಿಗೊಂದು 'ಇಂಟರ್‌ನ್ಯಾಷನಲ್' ಶಾಲೆ ಇದೆ. ಹಳದಿ ಬಸ್ಸಿನ ಮೇಲೆ ಆ ಪದ, ಗೇಟಿನ ಮೇಲೆ ಒಂದು ಗ್ಲೋಬಿನ ಚಿತ್ರ. ಒಳಗೆ ಹೋದರೆ ಅದೇ ಗೈಡು, ಅದೇ ಕಂಠಪಾಠ. ನಿಜವಾದ ಅಂತರರಾಷ್ಟ್ರೀಯ ಪಠ್ಯ ಕಲಿಸುವ ಶಾಲೆಗಳು ಇಲ್ಲ ಅಂತಲ್ಲ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್), ಬ್ರಿಟನ್ನಿನ ಕೇಂಬ್ರಿಡ್ಜ್ ಪಠ್ಯ, ಎರಡೂ ಬೆಂಗಳೂರಿನಲ್ಲಿ ಸಿಗುತ್ತವೆ. ಆದರೆ ಫೀಸು ವರ್ಷಕ್ಕೆ ಲಕ್ಷಗಟ್ಟಲೆ. ನಮ್ಮ ಮಕ್ಕಳ ಮನೆಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಕಂಡರೆ ಮೊದಲು ಬೋರ್‌ವೆಲ್ ಕೊರೆಸುತ್ತಾರೆ.

ನಾನು ಅರಸೀಕೆರೆ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ಕೆಲವು ವರ್ಷದಿಂದ ನಮ್ಮ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಕೀನ್ಯಾದ ಕಿಸುಮು ಕಡೆಯ ಒಂದು ಶಾಲೆಯ ಜೊತೆ ಸೇರಿ ಕೆಲಸ ಮಾಡುತ್ತಿದ್ದಾರೆ. ಖರ್ಚು ಅಂದರೆ ಡೇಟಾ ಪ್ಯಾಕು, ಒಂದಿಷ್ಟು ಚಾರ್ಟ್ ಪೇಪರು, ಅಂಚೆ ಖರ್ಚು, ಅಷ್ಟೆ. ಹೇಗೆ ಮಾಡಿದ್ರಿ ಅಂತ ಬೇರೆ ಶಾಲೆಯವರು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

ಮೊದಲು ಅಡುಗೆಮನೆಯಿಂದ ಶುರು ಮಾಡಿ

ಹೊರದೇಶದ ಶಾಲೆಗೆ ಮೇಲ್ ಬರೆಯೋಕೆ ಆತುರ ಬೇಡ. ಮೊದಲ ಎರಡು ವಾರ ನಿಮ್ಮ ಊರಿನಲ್ಲೇ ಕೆಲಸ ಇದೆ.

ಪ್ರತಿ ಮಗುವಿಗೂ ಒಂದು ಹಾಳೆ ಕೊಡಿ. ನಿನ್ನೆ ರಾತ್ರಿ ಮನೆಯಲ್ಲಿ ಅಡುಗೆಗೆ ಏನೇನು ಬಿತ್ತು, ಎಲ್ಲ ಬರೆಯಲಿ. ಆಮೇಲೆ ಒಂದೊಂದರ ಹುಟ್ಟೂರು ಹುಡುಕಿಸಿ. ನಮ್ಮ ಕ್ಲಾಸಿನಲ್ಲಿ ಇದು ಒಂದೇ ಪೀರಿಯಡ್ಡಿನಲ್ಲಿ ಜಗಳಕ್ಕೆ ಬಂತು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದಿಂದ ಬಂದವು, ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು ಅಂದರೆ ಯಾರೂ ನಂಬಲಿಲ್ಲ. 'ಹಂಗಾದ್ರೆ ಅದಕ್ಕಿಂತ ಮುಂಚೆ ಸಾರಿಗೆ ಖಾರ ಏನು ಹಾಕ್ತಿದ್ರು ಸಾರ್?' ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ. ಕಾಳುಮೆಣಸು. ಅದು ನಮ್ಮದು, ಅದನ್ನು ಹುಡುಕಿಕೊಂಡೇ ಪೋರ್ಚುಗೀಸರು ಬಂದದ್ದು. ಒಂದು ಪ್ರಶ್ನೆಗೆ ಇಡೀ ಒಂದು ಅಧ್ಯಾಯ ತೆರೆದುಕೊಂಡಿತು.

ಕೊನೆಗೆ ರಾಗಿ. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಬೆಳೆ, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಅಂದಾಗ ಕ್ಲಾಸು ಸುಮ್ಮನಾಯಿತು. ಸಿಟ್ಟೇ ಬಂದಿತ್ತು ಅನ್ನಿ. ರಾಗಿ ನಮ್ಮದಲ್ವಾ?

ಇದೇ ಥರ ಎಣ್ಣೆ ಪ್ಯಾಕೆಟ್ಟು, ಷರ್ಟಿನ ಲೇಬಲ್ಲು ನೋಡಿಸಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಊರಿನ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಯಾಕೆ ತುಟ್ಟಿಯಾಯಿತು ಅಂತ ಅಂಗಡಿಯವರನ್ನೇ ಕೇಳಿಕೊಂಡು ಬರಲಿ. ನಮ್ಮಲ್ಲಿ ಒಬ್ಬ ಹುಡುಗಿಯ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹಬ್ಬಕ್ಕೆ ಬಂದಾಗ ಹಳೆಯ ಒಂದು ಬೆಲೆಚೀಟಿ ತಂದುಕೊಟ್ಟಿದ್ದಳು, ಬೆಲೆ ಯೂರೋದಲ್ಲಿ ಇತ್ತು. ಮಕ್ಕಳು ಅದನ್ನು ರೂಪಾಯಿಗೆ ತಿರುಗಿಸಿದರು. ಆಮೇಲೆ ಅಕ್ಕನ ದಿನದ ಸಂಬಳದ ಪಕ್ಕ ಇಟ್ಟು ನೋಡಿದರು. ನಾನು ಏನೂ ಹೇಳಲಿಲ್ಲ.

ಊರಿನಿಂದ ಹೊರಗೆ ಹೋದವರ ಪಟ್ಟಿಯನ್ನೂ ಮಾಡಿಸಿ. ಪ್ರತಿ ಊರಲ್ಲೂ ದುಬೈಯಲ್ಲಿ ಡ್ರೈವರ್ ಆಗಿರುವವರು, ಅಮೆರಿಕದಲ್ಲಿ ಸಾಫ್ಟ್‌ವೇರ್‌ನಲ್ಲಿ ಇರುವವರು ಒಬ್ಬರಾದರೂ ಇರುತ್ತಾರೆ. ರಜೆಗೆ ಬಂದಾಗ ಕ್ಲಾಸಿಗೆ ಕರೆಯಿರಿ. ಡ್ರೈವರನ್ನು ಮೊದಲು ಕರೆಯಿರಿ, ಅವರು ಜಾಸ್ತಿ ದೇಶದವರ ಜೊತೆ ಒಂದೇ ರೂಮಿನಲ್ಲಿ ಇದ್ದು ಬಂದಿರುತ್ತಾರೆ.

ಜೊತೆಗಾರ ಶಾಲೆ ಹುಡುಕೋದು

ಮೂರು ದಾರಿ ಇವೆ. ಒಂದು, ಐ-ಅರ್ನ್ ಥರದ ಜಾಲ. 1988ರಲ್ಲಿ ನ್ಯೂಯಾರ್ಕ್ ಮತ್ತು ಮಾಸ್ಕೋ ಶಾಲೆಗಳನ್ನು ಜೋಡಿಸಿ ಶುರುವಾದ ಕೆಲಸ ಅದು, ಈಗ ನೂರಕ್ಕೂ ಹೆಚ್ಚು ದೇಶದಲ್ಲಿದೆ, ಭಾರತದಲ್ಲೂ ಇದೆ. ಮೇಷ್ಟ್ರುಗಳು ಹೆಸರು ನೋಂದಾಯಿಸಿ ಯಾವುದಾದರೂ ಪ್ರಾಜೆಕ್ಟಿಗೆ ಸೇರಬಹುದು. ಎರಡನೆಯದು ಗ್ಲೋಬ್ ಕಾರ್ಯಕ್ರಮ, ವಿಜ್ಞಾನದವರಿಗೆ ಒಳ್ಳೆಯದು. 1995ರಲ್ಲಿ ಶುರುವಾಯಿತು, ಭಾರತ 2000ದಲ್ಲಿ ಸೇರಿತು. ಮಕ್ಕಳು ಮೋಡ, ಮಳೆ, ಉಷ್ಣಾಂಶ ಅಳೆದು ಎಲ್ಲ ದೇಶಕ್ಕೂ ಒಂದೇ ಆಗಿರುವ ಪಟ್ಟಿಯಲ್ಲಿ ತುಂಬುತ್ತಾರೆ. ಮೂರನೆಯದು ಗುರುತಿನವರು. ಹೊರದೇಶದ ಕನ್ನಡ ಕೂಟಗಳಲ್ಲಿ ಯಾರಾದರೂ ಟೀಚರ್ ಇದ್ದೇ ಇರುತ್ತಾರೆ, ಇಲ್ಲದಿದ್ದರೆ ಮಕ್ಕಳನ್ನು ಶಾಲೆಗೆ ಬಿಡುವ ಅಪ್ಪ ಅಮ್ಮ ಅಂತೂ ಇದ್ದಾರಲ್ಲ.

ನಮ್ಮ ಮೊದಲ ಜೊತೆಗಾರ ಶಾಲೆ ಇಂಗ್ಲೆಂಡಿನದು, ಸಹೋದ್ಯೋಗಿಯೊಬ್ಬರ ತಂಗಿಯ ಮೂಲಕ ಸಿಕ್ಕಿದ್ದು. ಒಳ್ಳೆಯ ಜನ. ಆದರೆ ನಮ್ಮ ಮಕ್ಕಳು ಬಾಯಿ ಬಿಡಲಿಲ್ಲ. ಆ ಕಡೆಯ ಮಕ್ಕಳು ಪಟಪಟ ಅಂತ ಇಂಗ್ಲಿಷ್ ಶುರು ಮಾಡಿದ ಕೂಡಲೇ ಇಲ್ಲಿ ಎಲ್ಲರೂ ಡೆಸ್ಕಿನ ಕೆಳಗೆ ಪೆನ್ ಹುಡುಕೋಕೆ ಹೋದರು.

ಅದಕ್ಕೇ ನನ್ನ ಸಲಹೆ ಏನೆಂದರೆ, ಇಂಗ್ಲಿಷ್ ತಾಯಿಭಾಷೆ ಅಲ್ಲದ ದೇಶದ ಶಾಲೆ ಹುಡುಕಿ. ಕೀನ್ಯಾ, ಜಪಾನ್, ಇಂಡೋನೇಷ್ಯಾ, ಬ್ರೆಜಿಲ್, ಯಾವುದಾದರೂ ಆಗಲಿ. ಎರಡೂ ಕಡೆಯವರು ತಡವರಿಸಿದರೆ ಯಾರಿಗೂ ನಾಚಿಕೆ ಆಗಲ್ಲ. ಕಿಸುಮು ಶಾಲೆ ಸಿಕ್ಕಿದ ಮೇಲೆ ನಮ್ಮ ಕ್ಲಾಸಿನ ಅತ್ಯಂತ ಮೌನಿ ಹುಡುಗ ಕ್ಯಾಮೆರಾ ಮುಂದೆ ನಿಂತು 'ಅವರ್ ಎಮ್ಮೆ ಈಸ್ ಬ್ಲ್ಯಾಕ್' ಅಂದ. ಆ ಕಡೆಯಿಂದ ಎಮ್ಮೆ ಅಂದರೇನು ಅಂತ ಕೇಳಿದರು. ಮಾತು ಶುರುವಾಯಿತು.

ಮೊದಲ ಮೇಲ್ ಚಿಕ್ಕದಾಗಿರಲಿ. ಯಾವ ತರಗತಿ, ಎಷ್ಟು ಮಕ್ಕಳು, ವಯಸ್ಸೆಷ್ಟು, ಯಾವ ತಿಂಗಳು, ಯಾವ ಒಂದು ಪ್ರಶ್ನೆ, ನಿಮ್ಮಲ್ಲಿ ಇಂಟರ್‌ನೆಟ್ ಎಷ್ಟು ಗಟ್ಟಿ. ಶಾಲೆಯ ಇತಿಹಾಸ, ಸಾಧನೆ, ಗಣ್ಯರ ಜೊತೆ ತೆಗೆಸಿಕೊಂಡ ಫೋಟೋ ಬೇಡ. ಮೂರು ಕಡೆ ಬರೆದರೆ ಒಬ್ಬರು ಉತ್ತರ ಕೊಡುತ್ತಾರೆ, ಕೊಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅವರಿಗೂ ಪರೀಕ್ಷೆ, ಮೌಲ್ಯಮಾಪನ ಇರುತ್ತವೆ.

ಅನುಮತಿ ಮತ್ತು ಫೋಟೋ

ಮುಖ್ಯ ಶಿಕ್ಷಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಸಲ ಹೇಳಿ ನಡಾವಳಿಯಲ್ಲಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಟ್ಟುಬಿಡಿ. ಆಮೇಲೆ ಯಾರೋ 'ಹೊರದೇಶದವರ ಜೊತೆ ಏನು ಮಾತು' ಅಂತ ಕೇಳಿದಾಗ ಈ ಕಾಗದ ಕೈಗೆ ಬರುತ್ತದೆ.

ಪೋಷಕರ ಸಹಿ ಕಡ್ಡಾಯ, ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ನೋಡುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಪತ್ರ ವ್ಯವಹಾರ ಎಲ್ಲ ಮೇಷ್ಟ್ರ ಮೇಲ್ ಮೂಲಕವೇ ಆಗಲಿ. ಮಕ್ಕಳ ಫೋನ್ ನಂಬರ್, ಇನ್‌ಸ್ಟಾಗ್ರಾಂ ಹೆಸರು, ಮನೆ ವಿಳಾಸ ಆಚೆ ಹೋಗಬಾರದು. ಫೋಟೋ ಕಳಿಸಿದರೆ ಗುಂಪಿನದು, ಕೆಳಗೆ ಹೆಸರಿಲ್ಲದೆ. ಇದರಲ್ಲಿ ಮಾತ್ರ ರಾಜಿ ಬೇಡ.

ಇನ್ನೊಂದು ಸಣ್ಣ ಮಾತು. ಮಕ್ಕಳು ಪ್ರೀತಿಯಿಂದ ರಾಗಿ, ಅವರೆಬೀಜ ಎಲ್ಲ ಪೊಟ್ಟಣ ಕಟ್ಟಿ ಕಳಿಸೋಣ ಅನ್ನುತ್ತಾರೆ. ಬೀಜ, ಮಣ್ಣು ಹೊರದೇಶಕ್ಕೆ ಹಾಗೆ ಸುಮ್ನೆ ಕಳಿಸುವಂತಿಲ್ಲ, ಸಸ್ಯ ರೋಗದ ತಪಾಸಣೆ ಪ್ರಮಾಣಪತ್ರ ಬೇಕು. ಚಿತ್ರ ಬರೆದು ಕಳಿಸಲಿ.

ಗಡಿಯಾರದ ಲೆಕ್ಕ ತಪ್ಪಿದರೆ

ನಾವೂ ಒಂದು ಸಲ ತಪ್ಪಿದ್ದೆವು. ಅಕ್ಟೋಬರಿನಲ್ಲಿ ಇಂಗ್ಲೆಂಡಿನವರ ಜೊತೆ ಮಾತಾಡಿ, ರಾಜ್ಯೋತ್ಸವ ಮುಗಿದ ವಾರದಲ್ಲಿ ಅವರ ಬೆಳಗ್ಗೆ 10ಕ್ಕೆ ಕರೆ ಅಂತ ಗೊತ್ತುಮಾಡಿಕೊಂಡೆವು. ಆಗಿನ ಲೆಕ್ಕಕ್ಕೆ ಅದು ನಮ್ಮ ಮಧ್ಯಾಹ್ನ 2:30. ಮಕ್ಕಳು ಕೆಂಪು ಹಳದಿ ಶಾಲು ಹಾಕಿಕೊಂಡು ಕೂತರು. 2:30 ಆಯಿತು, 2:45 ಆಯಿತು, ಯಾರೂ ಬರಲಿಲ್ಲ. 3ಕ್ಕೆ ಬೇಸರವಾಗಿ ಮೈದಾನಕ್ಕೆ ಬಿಟ್ಟೆ. ಅವರು ಸರಿಯಾಗಿ 3:30ಕ್ಕೆ ಬಂದರು. ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಮಾರ್ಚ್ ಕೊನೆಯ ಭಾನುವಾರ ಮುಂದಕ್ಕೆ. ರೇಖಾಂಶದ ಪಾಠ ಮಾಡುವ ಮೇಷ್ಟ್ರಿಗೇ ಇದು ಹೊಳೆದಿರಲಿಲ್ಲ. ಮಕ್ಕಳು ಇವತ್ತಿಗೂ ನಗುತ್ತಾರೆ.

ಕೀನ್ಯಾದಲ್ಲಿ ಈ ತಾಪತ್ರಯ ಇಲ್ಲ. ವರ್ಷವಿಡೀ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ಮಧ್ಯಾಹ್ನ 12 ಅವರ ಬೆಳಗ್ಗೆ 9:30, ಹೇಳಿ ಮಾಡಿಸಿದ ಹೊತ್ತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ನಮ್ಮ ಬೆಳಗ್ಗೆ 10ಕ್ಕೆ ಅವರಿಗೆ 1:30. ಅಮೆರಿಕದ ಶಾಲೆ ಆದರೆ ಇಬ್ಬರೂ ಎಚ್ಚರವಾಗಿ ಶಾಲೆಯಲ್ಲಿರುವ ಹೊತ್ತೇ ಸಿಗಲ್ಲ, ವಿಡಿಯೋ ರೆಕಾರ್ಡ್ ಮಾಡಿ ಕಳಿಸಿಕೊಳ್ಳಬೇಕು ಅಷ್ಟೆ.

ಗಂಟೆ ಜೊತೆ ತಿಂಗಳನ್ನೂ ನೋಡಿ. ಕೀನ್ಯಾದಲ್ಲಿ ಶಾಲಾ ವರ್ಷ ಜನವರಿಗೆ ಶುರುವಾಗುತ್ತದೆ, ಏಪ್ರಿಲ್, ಆಗಸ್ಟ್‌ನಲ್ಲಿ ರಜೆ ಬರುತ್ತದೆ. ನಮ್ಮ ದಸರಾ ರಜೆ, ಅವರ ಆಗಸ್ಟ್ ರಜೆ, ನಮ್ಮ ಪರೀಕ್ಷೆ ಎಲ್ಲ ಕಳೆದರೆ ಉಳಿಯುವುದು ಜೂನ್-ಜುಲೈ, ಸೆಪ್ಟೆಂಬರ್ ಮತ್ತು ಜನವರಿ-ಫೆಬ್ರವರಿ. ವರ್ಷಕ್ಕೆ ಮೂರು ಕೆಲಸ ಸಾಕು. ಜಾಸ್ತಿ ಹಚ್ಚಿಕೊಂಡರೆ ಎರಡನೇ ವರ್ಷ ನೀವೇ ಬಿಟ್ಟುಬಿಡುತ್ತೀರಿ.

ಡ್ಯಾನ್ಸ್ ಬೇಡ, ಒಂದು ಪ್ರಶ್ನೆ ಇಟ್ಟುಕೊಳ್ಳಿ

ಇದು ನನ್ನ ಹಟ ಅಂತಲೇ ತಿಳಿಯಿರಿ. ಮೊದಲ ಕರೆ ಅಂದಕೂಡಲೇ ಎಲ್ಲರೂ ಡೊಳ್ಳು, ಭರತನಾಟ್ಯ, ರೇಷ್ಮೆ ಲಂಗ ಅಂತ ಓಡಾಡುತ್ತಾರೆ. ಆ ಕಡೆಯವರೂ ಅವರ ಕುಣಿತ ತೋರಿಸುತ್ತಾರೆ. ಎರಡೂ ಕಡೆ ಚಪ್ಪಾಳೆ. ಮುಗಿಯಿತು, ಮತ್ತೆ ಮಾತಾಡೋಕೆ ಏನೂ ಇಲ್ಲ. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಅದರ ಬದಲು ಒಂದೇ ಪ್ರಶ್ನೆ, ಒಂದೇ ವಾರ, ಎರಡೂ ಕಡೆ ಉತ್ತರ. ನಮ್ಮ ಮೊದಲ ಪ್ರಶ್ನೆ: ನಿನ್ನೆ ಏನು ಊಟ ಮಾಡಿದಿರಿ, ಅದನ್ನು ಯಾರು ಮಾಡಿದರು, ಎಷ್ಟು ಹೊತ್ತು ಹಿಡಿಯಿತು?

ಕಿಸುಮುವಿನಿಂದ ಬಂದ ಚಿತ್ರದಲ್ಲಿ ಬಿಳಿಯ ಮುದ್ದೆ. ಅದಕ್ಕೆ ಉಗಾಲಿ ಅನ್ನುತ್ತಾರೆ, ಜೋಳದ ಹಿಟ್ಟಿನದು, ಅಂದರೆ ನಮ್ಮ ಮುಸುಕಿನ ಜೋಳ. ಪಕ್ಕದಲ್ಲಿ ಹಸಿರು ಸೊಪ್ಪಿನ ಪಲ್ಯ, ಹೆಸರು ಸುಕುಮಾ ವಿಕಿ. ಸ್ವಾಹಿಲಿಯಲ್ಲಿ 'ವಾರ ತಳ್ಳು' ಅಂತ ಅರ್ಥ, ಕೈಯಲ್ಲಿ ಕಾಸಿಲ್ಲದಾಗ ವಾರ ದೂಡುವ ಸೊಪ್ಪು. ನಮ್ಮ ಹುಡುಗಿಯರಿಗೆ ಇದು ವಿವರಣೆಯೇ ಬೇಕಿಲ್ಲದೆ ಅರ್ಥವಾಯಿತು. ಬೆಳಗ್ಗೆ ಏನು ಕುಡಿಯುತ್ತೀರಿ ಅಂದರೆ ಊಜಿ, ಅಂದರೆ ಗಂಜಿ. ಯಾವುದರದ್ದು? ವಿಂಬಿ ಹಿಟ್ಟಿನದು. ವಿಂಬಿ ಅಂದರೇನು ಅಂತ ಕೇಳಿದೆವು. ಅವರು ಅಂಗೈಯಲ್ಲಿ ಕಾಳು ಹಾಕಿಕೊಂಡು ಕ್ಯಾಮೆರಾ ಹತ್ತಿರ ತಂದರು.

'ಸಾರ್, ರಾಗಿ!' ಇಡೀ ಕ್ಲಾಸು ಎದ್ದು ನಿಂತಿತ್ತು. ಎರಡು ತಿಂಗಳ ಹಿಂದೆ ರಾಗಿ ನಮ್ಮದು ಅಂತ ನನ್ನ ಜೊತೆ ಜಗಳ ಆಡಿದ್ದವನೇ ಎಲ್ಲರಿಗಿಂತ ಮುಂದೆ ಇದ್ದ.

ಅವರ ಊಟದಲ್ಲಿ ಚಪಾತಿಯೂ ಇತ್ತು, ಹೆಸರೂ ಚಪಾತಿಯೇ, ಟೀಗೆ ಚಾಯ್ ಅಂತಲೇ ಅನ್ನುತ್ತಾರೆ. ಇದು ಅಲ್ಲಿಗೆ ಹೋದದ್ದು ಹೇಗೆ? ಇದನ್ನೇ ಎರಡನೇ ಪ್ರಶ್ನೆ ಮಾಡಿಕೊಂಡೆವು. ಎರಡೂ ಕಡೆ ಹುಡುಕಿದ ಮೇಲೆ ಸಿಕ್ಕಿದ ಉತ್ತರ ರೈಲು. ಬ್ರಿಟಿಷರು 1896ರಲ್ಲಿ ಮೊಂಬಾಸಾದಿಂದ ರೈಲು ಹಳಿ ಹಾಕೋಕೆ ಶುರು ಮಾಡಿದರು. ಅದಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಒಯ್ದರು, ಹೆಚ್ಚಿನವರು ಪಂಜಾಬಿನವರು. 1901ರಲ್ಲಿ ಆ ಹಳಿ ಮುಟ್ಟಿದ ಕೊನೆಯ ನಿಲ್ದಾಣ ಯಾವುದು ಗೊತ್ತಾ? ಕಿಸುಮು. ಆ ಕಡೆಯ ಮಕ್ಕಳು ಓಡಾಡುವ ಊರು. ಪಠ್ಯಪುಸ್ತಕದಲ್ಲಿ ವಸಾಹತುಶಾಹಿ ಅನ್ನೋ ಪದವನ್ನು ನಾನು ಹತ್ತು ವರ್ಷ ಬಾಯಿಪಾಠ ಮಾಡಿಸಿದ್ದೆ. ಆ ವಾರ ಮಾಡಿಸಬೇಕಾಗಲಿಲ್ಲ.

ನೆರಳು ಅಳೆಯುವ ದಿನ

ಒಂದೇ ಒಂದು ಪ್ರಯೋಗ ಮಾಡೋಕೆ ಸಮಯ ಇದ್ದರೆ ಇದನ್ನು ಮಾಡಿ. ಸುಮಾರು 2,200 ವರ್ಷದ ಹಿಂದೆ ಎರಟೋಸ್ತನೀಸ್ ಅನ್ನೋ ಗ್ರೀಕ್ ಪಂಡಿತ ಈಜಿಪ್ಟಿನ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಸಯೀನ್‌ನಲ್ಲಿ ಸೂರ್ಯ ನೆತ್ತಿಯ ಮೇಲೆ, ಅಲೆಕ್ಸಾಂಡ್ರಿಯಾದಲ್ಲಿ 7.2 ಡಿಗ್ರಿ ವಾಲಿದ್ದ. ಅಂದರೆ ವೃತ್ತದ 50ನೇ ಒಂದು ಭಾಗ. ಎರಡು ಶಾಲೆ ಇದ್ದರೆ ನಿಮ್ಮ ಮಕ್ಕಳೂ ಮಾಡಬಹುದು.

ದಿನ: ಸೆಪ್ಟೆಂಬರ್ 23 ಅಥವಾ ಮಾರ್ಚ್ 21ರ ಆಸುಪಾಸು. ಮೋಡ ಇದ್ದರೆ ಒಂದೆರಡು ದಿನ ಆಚೀಚೆ ಆಗಲಿ, ಆದರೆ ಎರಡೂ ಶಾಲೆಯವರು ಒಂದೇ ದಿನ ಅಳೆಯಬೇಕು. ಸರಿಯಾಗಿ ಒಂದು ಮೀಟರ್ ಉದ್ದದ ನೇರ ಕೋಲು, ತೂಕದ ಗುಂಡು ಕಟ್ಟಿದ ದಾರ, ಒಂದು ಟೇಪು. ಕೋಲು ನೆಟ್ಟಗಿದೆಯಾ ಅಂತ ದಾರದಿಂದ ನೋಡಿ. ನೆಲ ಮಟ್ಟಸ ಇರಬೇಕು, ಧ್ವಜ ಕಟ್ಟೆಯ ಸಿಮೆಂಟ್ ಜಾಗ ಒಳ್ಳೆಯದು.

ಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ, ಇಲ್ಲೇ ಎಲ್ಲರೂ ಎಡವೋದು. ನಮ್ಮ ಗಡಿಯಾರ ಪೂರ್ವ 82.5 ಡಿಗ್ರಿ ರೇಖಾಂಶದ್ದು, ಅರಸೀಕೆರೆ ಇರುವುದು ಸುಮಾರು 76.3ರಲ್ಲಿ. ಹಾಗಾಗಿ ಸೆಪ್ಟೆಂಬರ್ 23ಕ್ಕೆ ನಮ್ಮಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು 12:17ಕ್ಕೆ. ನೀವು ಲೆಕ್ಕ ಹಾಕೋದೇ ಬೇಡ. 12ರಿಂದ 12:40ರವರೆಗೆ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಎಲ್ಲಕ್ಕಿಂತ ಗಿಡ್ಡ ನೆರಳೇ ಮಧ್ಯಾಹ್ನದ ನೆರಳು.

ನಮ್ಮ ಮಕ್ಕಳಿಗೆ ಸಿಕ್ಕಿದ್ದು 24.5 ಸೆಂ.ಮೀ. ಗ್ರಾಫ್ ಹಾಳೆಯಲ್ಲಿ ಅದೇ ತ್ರಿಕೋನವನ್ನು ಚಿಕ್ಕದಾಗಿ ಬರೆದು ಕೋನಮಾಪಕ ಇಟ್ಟರೆ ಸುಮಾರು 13.8 ಡಿಗ್ರಿ. ಆ ಕಡೆ ಕಿಸುಮು ಹೆಚ್ಚುಕಡಿಮೆ ಸಮಭಾಜಕ ವೃತ್ತದ ಮೇಲೇ ಇದೆ. ಅವರ ಮಧ್ಯಾಹ್ನ ಬರುವಾಗ ನಮಗೆ 3 ಗಂಟೆ. ಮಕ್ಕಳು ಫೋನಿನ ಸುತ್ತ ಮುತ್ತಿಕೊಂಡು ನೋಡಿದರು: ಅಲ್ಲಿ ಕೋಲಿನ ನೆರಳು ಕುಗ್ಗುತ್ತ ಕುಗ್ಗುತ್ತ ಬುಡದಲ್ಲೇ ಕರಗಿಹೋಯಿತು. ಒಬ್ಬ ಹುಡುಗ ಕೋಲಿನ ಪಕ್ಕ ನಿಂತು ತನ್ನ ನೆರಳನ್ನು ತಾನೇ ತುಳಿದುಕೊಂಡಿದ್ದ. ಇಲ್ಲಿ ಎಲ್ಲರೂ ತಮ್ಮ ನೆರಳು ನೋಡಿಕೊಂಡರು.

ನಕ್ಷೆಯಲ್ಲಿ ಅರಸೀಕೆರೆಯಿಂದ ನೇರ ದಕ್ಷಿಣಕ್ಕೆ ಸಮಭಾಜಕ ವೃತ್ತದವರೆಗೆ ಸುಮಾರು 1,470 ಕಿ.ಮೀ. ಪೂರ್ವ ಪಶ್ಚಿಮದ ದೂರ ಸೇರಿಸಬಾರದು. 1,470ನ್ನು 360ರಿಂದ ಗುಣಿಸಿ 13.8ರಿಂದ ಭಾಗಿಸಿದರೆ 38,300ರ ಹತ್ತಿರ ಬರುತ್ತದೆ. ನಿಜವಾದದ್ದು ಸುಮಾರು 40,000. ನೆರಳಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದ್ದಕ್ಕೆ ಭೂಮಿಯಲ್ಲಿ ಒಂದೂವರೆ ಸಾವಿರ ಕಿ.ಮೀ. ಕಳೆದುಹೋಯಿತು ಅಂತ ಗಣಿತದ ಮೇಡಂ ಮಕ್ಕಳಿಗೆ ಹೇಳಿದರು. ಮರುವರ್ಷ ಮಕ್ಕಳೇ ಕೋಲಿನ ತುದಿಯನ್ನು ಚೂಪು ಮಾಡಿಕೊಂಡು ಬಂದರು.

ಹೊರದೇಶದ ಶಾಲೆ ಇನ್ನೂ ಸಿಕ್ಕಿಲ್ಲವಾ? ಬೀದರ್ ಮತ್ತು ಚಾಮರಾಜನಗರದ ಎರಡು ಶಾಲೆ ಸೇರಿದರೂ ಆಗುತ್ತದೆ, ನಡುವೆ ಸುಮಾರು 6 ಡಿಗ್ರಿ ಇದೆ.

ಎಡವಟ್ಟು ಪ್ರಶ್ನೆಗಳು ಬರುತ್ತವೆ, ಬರಲಿ

ಇಂಗ್ಲೆಂಡಿನ ಒಂದು ಮಗು 'ನೀವು ಶಾಲೆಗೆ ಆನೆ ಮೇಲೆ ಬರುತ್ತೀರಾ' ಅಂತ ಕೇಳಿತ್ತು. ನಮ್ಮವರಿಗೆ ಅವಮಾನ ಆಯಿತು. ಮುಂದಿನ ವರ್ಷ ಕೀನ್ಯಾ ಅಂದಾಗ ಅದೇ ಮಕ್ಕಳು 'ಸಾರ್, ಅವರ ಊರಲ್ಲಿ ಸಿಂಹ ರೋಡಿಗೆ ಬರುತ್ತಾ?' ಅಂದರು. ನಾನು ಆನೆ ನೆನಪಿಸಿದೆ, ಅಷ್ಟೆ.

ಹಾಗಂತ ಇಂಥ ಪ್ರಶ್ನೆಯನ್ನು ಅಡಗಿಸಬೇಡಿ. ಕರೆಗೆ ಮುಂಚೆ ಒಂದು ಡಬ್ಬಿ ಇಡಿ. 'ಆ ದೇಶದ ಬಗ್ಗೆ ನನಗೆ ಗೊತ್ತಿರುವುದು' ಅಂತ ಮಕ್ಕಳು ಹೆಸರಿಲ್ಲದೆ ಚೀಟಿ ಬರೆದು ಹಾಕಲಿ. ವರ್ಷದ ಕೊನೆಗೆ ತೆಗೆದು ಓದಿ. ನಮ್ಮ ಒಂದು ಚೀಟಿಯಲ್ಲಿ 'ಅಲ್ಲಿ ಮೊಬೈಲ್ ಇರಲ್ಲ' ಅಂತ ಇತ್ತು. ಆ ಹೊತ್ತಿಗೆ ಮಕ್ಕಳಿಗೆ ಎಂ-ಪೆಸಾ ಗೊತ್ತಾಗಿತ್ತು. ಕೀನ್ಯಾದಲ್ಲಿ ಬಟನ್ ಫೋನಿನಿಂದಲೇ ದುಡ್ಡು ಕಳಿಸುವ ಈ ವ್ಯವಸ್ಥೆ 2007ರಲ್ಲೇ ಬಂತು, ನಮ್ಮ ಯುಪಿಐ ಬಂದದ್ದು 2016ರಲ್ಲಿ. ಪೆಸಾ ಅಂದರೆ ಸ್ವಾಹಿಲಿಯಲ್ಲಿ ದುಡ್ಡು. ಅದು ನಮ್ಮ ಪೈಸೆಯೇ. ಅಂಗಡಿಗೆ ದುಕಾ, ಗಾಡಿಗೆ ಗಾರಿ. ಚೀಟಿ ಬರೆದವರು ಯಾರೋ ಗೊತ್ತಾಗಲಿಲ್ಲ, ಆದರೆ ಒಬ್ಬಳು ಮಾತ್ರ ಜಾಸ್ತಿ ಜೋರಾಗಿ ನಗುತ್ತಿದ್ದಳು.

ಮೇಷ್ಟ್ರು ಮಾಡಬಾರದ ಕೆಲಸ ಒಂದಿದೆ. ನಮ್ಮ ಶಾಲೆ ಚೆಂದ ಕಾಣಲಿ ಅಂತ ಸುಣ್ಣ ಬಳಿದ ಗೋಡೆ ಮಾತ್ರ ತೋರಿಸೋದು, ಇಲ್ಲ ಅಯ್ಯೋ ಪಾಪ ಅನ್ನಿಸಲಿ ಅಂತ ಸೋರುವ ಸೂರು ಮಾತ್ರ ತೋರಿಸೋದು. ಎರಡೂ ಬೇಡ. ಕ್ಯಾಮೆರಾ ಮಕ್ಕಳ ಕೈಗೆ ಕೊಡಿ. ಅವರು ನಾಯಿ, ಬಿಸಿಯೂಟದ ಕ್ಯೂ, ಪಂಪಿನ ನೀರು ತೋರಿಸುತ್ತಾರೆ.

ಹತ್ತನೇ ಕ್ಲಾಸು ಆದ ಮೇಲೆ

ಇದರಲ್ಲಿ ನಿಜಕ್ಕೂ ಆಸಕ್ತಿ ಹುಟ್ಟಿದ ಮಕ್ಕಳಿಗೆ ಯುನೈಟೆಡ್ ವರ್ಲ್ಡ್ ಕಾಲೇಜುಗಳ ಬಗ್ಗೆ ಹೇಳಿ. 1962ರಲ್ಲಿ ವೇಲ್ಸ್‌ನಲ್ಲಿ ಮೊದಲನೆಯದು ತೆರೆಯಿತು, ಪುಣೆ ಹತ್ತಿರದ ಮಹೀಂದ್ರಾ ಕಾಲೇಜು 1997ರದ್ದು. 16ರಿಂದ 18 ವಯಸ್ಸಿನವರಿಗೆ ಎರಡು ವರ್ಷದ ಐಬಿ ಓದು, ಹಲವು ದೇಶದ ಮಕ್ಕಳು ಒಂದೇ ಹಾಸ್ಟೆಲಿನಲ್ಲಿ. ಫೀಸು ದೊಡ್ಡದು, ಆದರೆ ಆಯ್ಕೆಯಾದವರಿಗೆ ಮನೆಯ ಪರಿಸ್ಥಿತಿ ನೋಡಿ ವಿದ್ಯಾರ್ಥಿವೇತನ ಕೊಡುತ್ತಾರೆ. ಅರ್ಜಿ, ಪ್ರಬಂಧ, ಸಂದರ್ಶನ ಎಲ್ಲ ಇಂಗ್ಲಿಷಿನಲ್ಲಿ, ಸ್ಪರ್ಧೆ ಜೋರು. ಒಂಬತ್ತನೇ ಕ್ಲಾಸಿನಿಂದಲೇ ತಯಾರಿ ಬೇಕು.

ಕೊನೆಯ ಕೆಲಸ: ಒಂದು ನೋಟ್‌ಬುಕ್

ಇಂಗ್ಲೆಂಡಿನ ಶಾಲೆಯ ನಂಟು ಕಡಿದುಹೋದದ್ದು ಜಗಳ ಆಗಿ ಅಲ್ಲ. ಅಲ್ಲಿನ ಟೀಚರ್ ಕೆಲಸ ಬದಲಾಯಿಸಿದರು. ಅವರ ಮೇಲ್ ಬಿಟ್ಟು ನಮ್ಮ ಹತ್ತಿರ ಬೇರೆ ಏನೂ ಇರಲಿಲ್ಲ. ನಮ್ಮಲ್ಲಂತೂ ವರ್ಗಾವಣೆ ಕೌನ್ಸೆಲಿಂಗ್ ಬಂದರೆ ಯಾರು ಎಲ್ಲಿಗೋ ಹೇಳೋಕಾಗಲ್ಲ.

ಅದಕ್ಕೇ ಈಗ ಒಂದು ದಪ್ಪ ನೋಟ್‌ಬುಕ್ ಆಫೀಸಿನ ಬೀರುವಿನಲ್ಲಿದೆ. ಎರಡೂ ಶಾಲೆಯ ಇಬ್ಬಿಬ್ಬರು ಮೇಷ್ಟ್ರ ಮೇಲ್ ವಿಳಾಸ, ಗಂಟೆಯ ಲೆಕ್ಕ, ರಜೆಯ ಪಟ್ಟಿ, ಒಪ್ಪಿಗೆ ಪತ್ರದ ನಮೂನೆ, ಕೇಳಿದ ಪ್ರಶ್ನೆಗಳು, ಯಾವುದು ಕೈಕೊಟ್ಟಿತು ಅನ್ನೋದು, ಪ್ರತಿ ವರ್ಷದ ನೆರಳಿನ ಅಳತೆ. ಬರೆಯೋದು ಮಕ್ಕಳೇ, ಕನ್ನಡದಲ್ಲಿ. ಮೊದಲ ಪುಟದಲ್ಲಿ ಯಾರೋ ದೊಡ್ಡದಾಗಿ ಬರೆದಿದ್ದಾರೆ: 'ಮೇಷ್ಟ್ರು ಗಡಿಯಾರ ನೋಡಿದ್ದಾರಾ ಅಂತ ಎರಡು ಸಲ ಕೇಳಿ.'